ಕಪಾಟಿನ ಬೀಗದಿಂದ ಶುರುಮಾಡಿ: ಮುಂಬಯಿಯ ಕನ್ನಡ ಗ್ರಂಥಾಲಯಕ್ಕೆ ಹುಡುಗರನ್ನು ಕರೆತರುವ ಸಮಗ್ರ ಮಾರ್ಗದರ್ಶಿ

ಮುಂಬಯಿಯ ಕನ್ನಡ ಸಂಘಗಳನ್ನು ಸುತ್ತಿದವರಿಗೆ ಆ ಗಾಜಿನ ಬಾಗಿಲಿನ ಕಪಾಟಿನ ಪರಿಚಯ ಇದ್ದೇ ಇರುತ್ತದೆ. ಒಳಗೆ ಕಾದಂಬರಿಗಳು, ನಾಲ್ಕಾರು ಅಭಿನಂದನ ಗ್ರಂಥಗಳು, ಹಳೆಯ ಮಾಸಿಕಗಳ ಬೈಂಡು. ಹೊರಗೆ ಬೀಗ. ಕೀಲಿ ಎಲ್ಲಿ ಅಂತ ಕೇಳಿದರೆ, 'ಅವರು ಇವತ್ತು ಬಂದಿಲ್ಲ.' ಉಪನಗರದ ಇಂಥದೇ ಒಂದು ಗ್ರಂಥಾಲಯದಲ್ಲಿ ನಾನು ಕೆಲವು ವರ್ಷ ಭಾನುವಾರಗಳನ್ನು ಕಳೆದಿದ್ದೇನೆ. 'ಈಗಿನ ಹುಡುಗರು ಎಲ್ಲಿ ಓದುತ್ತಾರೆ' ಎಂಬ ಕೊರಗನ್ನು ಪ್ರತಿ ಸಭೆಯಲ್ಲೂ ಕೇಳಿದ್ದೇನೆ. ಪುಸ್ತಕ ಕೇಳಿಕೊಂಡು ಬಂದ ಕಾಲೇಜು ಹುಡುಗಿಯೊಬ್ಬಳು ಬೀಗ ನೋಡಿ ಹಿಂದಿರುಗಿದ್ದನ್ನೂ ನೋಡಿದ್ದೇನೆ.

ಕೆಳಗೆ ಬರೆದಿರುವುದು ಆ ಭಾನುವಾರಗಳಲ್ಲಿ ಎಡವುತ್ತ ಕಲಿತದ್ದು. ನಮ್ಮಲ್ಲಿ ಹುಡುಗರಿಗೆಂದು ನಡೆಸಿದ ಕಾರ್ಯಕ್ರಮಗಳೆಲ್ಲ ಒಂದೆರಡು ಸಲಕ್ಕೆ ಬತ್ತಿಹೋದವು. ಹುಡುಗರೇ ನಡೆಸಿದ ಕೆಲಸಗಳು ಮಾತ್ರ ಉಳಿದವು. ಹಾಗಾಗಿ ಮುಂದಿನ ಹೆಜ್ಜೆಗಳಲ್ಲಿ ಒಂದೊಂದು ಕಡೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಹುಡುಗರ ಕೈಗೆ ಏನು ಕೊಡುತ್ತಿದ್ದೇವೆ?

ಮೊದಲ ಹೆಜ್ಜೆ: ಮೂರು ವಾರ ಸುಮ್ಮನೆ ನೋಡಿ

ಬ್ಯಾನರ್ ಬರೆಸುವ ಮೊದಲು ಒಂದು ನೂರು ಪುಟದ ನೋಟ್‌ಬುಕ್ ತಂದು, ಗ್ರಂಥಾಲಯದ ಬಾಗಿಲ ಬಳಿ ಕುಳಿತು ಬರೆಯಿರಿ. ಯಾರು ಬಂದರು, ಎಷ್ಟು ಹೊತ್ತಿಗೆ, ಏನು ಕೇಳಿದರು, ಏನು ಸಿಗದೆ ಹೋದರು. ಹಳೆಯ ವಿತರಣೆ ರಿಜಿಸ್ಟರನ್ನೂ ತೆರೆಯಿರಿ. ಹತ್ತು ವರ್ಷದಿಂದ ಯಾರೂ ಮುಟ್ಟದ ಪುಸ್ತಕಗಳು ಯಾವುವು, ಬೈಂಡು ಕಿತ್ತುಹೋಗುವಷ್ಟು ಓಡಾಡಿದವು ಯಾವುವು ಎಂಬುದು ಅಲ್ಲೇ ಇರುತ್ತದೆ.

ಆಮೇಲೆ ಬೀದಿಗಿಳಿಯಿರಿ. 'ಮುಂಬಯಿ ಕನ್ನಡದ ಯುವಜನ' ಎಂದು ಭಾಷಣದಲ್ಲಿ ಒಟ್ಟಾಗಿ ಹೇಳುತ್ತೇವೆ, ನೆಲದ ಮೇಲೆ ಕನಿಷ್ಠ ಮೂರು ಬಗೆಯವರಿದ್ದಾರೆ. ಒಬ್ಬರು ಡೊಂಬಿವಲಿ, ಮೀರಾ ರೋಡ್, ಘಾಟ್‌ಕೋಪರ್‌ನ ಫ್ಲಾಟುಗಳಲ್ಲಿ ಹುಟ್ಟಿ ಬೆಳೆದ ಎರಡನೇ, ಮೂರನೇ ತಲೆಮಾರಿನವರು. ಮನೆಯಲ್ಲಿ ತುಳು, ಕೊಂಕಣಿ ಅಥವಾ ಕುಂದಗನ್ನಡ. ಶಾಲೆ ಇಂಗ್ಲಿಷು. ಕನ್ನಡ ಕೇಳಿದರೆ ತಿಳಿಯುತ್ತದೆ, ಅಕ್ಷರ ಬರುವುದಿಲ್ಲ. ಇನ್ನೊಬ್ಬರು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ಹುಡುಗರು. ಇವರಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ, ಸಮಯ ಮತ್ತು ಸಂಕೋಚ ಎರಡೂ ಅಡ್ಡ ಬರುತ್ತವೆ. ಮೂರನೆಯವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಇವರು ಸಂಘದ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿಲ್ಲ. ಮೂವರಿಗೂ ಒಂದೇ ಕಾರ್ಯಕ್ರಮ ಹಾಕಿದರೆ ಮೂವರೂ ಬರುವುದಿಲ್ಲ. ಮೊದಲ ವರ್ಷ ಒಬ್ಬರನ್ನು ಆರಿಸಿಕೊಳ್ಳಿ, ಬಹಳವೆಂದರೆ ಇಬ್ಬರನ್ನು.

ಇದು ಹೊಸ ಸಾಹಸವೇನೂ ಅಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದು, ಮಾಹಿಮಿನ ಕರ್ನಾಟಕ ಸಂಘ 1933ರದು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದವರ ಕಥೆ ಈ ಊರಿನ ಹಿರಿಯ ಕನ್ನಡಿಗರಲ್ಲಿ ಬೇಕಾದಷ್ಟು ಮಂದಿಗೆ ಸ್ವಂತದ್ದು. ಆಗಿನ ರಾತ್ರಿಶಾಲೆಗಳು ಹುಡುಗರಿಗೆ ಬಿಡುವಾಗುವ ಹೊತ್ತಿಗೆ ಬಾಗಿಲು ತೆರೆದವು. ನಮ್ಮ ಗ್ರಂಥಾಲಯ ತೆರೆಯುತ್ತಿದ್ದುದು ಪದಾಧಿಕಾರಿಗಳಿಗೆ ಬಿಡುವಾದಾಗ.

ಎರಡನೇ ಹೆಜ್ಜೆ: ಬೀಗ

ಎಸ್. ಆರ್. ರಂಗನಾಥನ್ ಹೆಸರು ಗ್ರಂಥಾಲಯದವರಿಗೆಲ್ಲ ಗೊತ್ತು. ಅವರು 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತ ಮೇಷ್ಟ್ರಾಗಿ ಬಂದವರು ಎಂಬುದನ್ನು ಮಾತ್ರ ನಮ್ಮ ಕರಾವಳಿಯವರೇ ಮರೆತಿದ್ದಾರೆ. 1931ರಲ್ಲಿ ಅವರು ಬರೆದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗೆ. ಸಮಿತಿಯೊಡನೆ ವಾದಕ್ಕಿಳಿಯುವಾಗ ಈ ಹೆಸರು ಉಪಯೋಗಕ್ಕೆ ಬರುತ್ತದೆ. ನಿಮ್ಮ ಮಾತಿಗೆ ತಲೆಯಾಡಿಸದವರು ರಂಗನಾಥನ್ ಮಾತಿಗೆ ತಲೆಯಾಡಿಸುತ್ತಾರೆ.

ಎಲ್ಲ ಕಪಾಟು ತೆರೆಯಿರಿ ಎಂದರೆ ಯಾರೂ ಒಪ್ಪುವುದಿಲ್ಲ, ಕೇಳಲೂಬೇಡಿ. ಒಂದೇ ಒಂದು ಕಪಾಟಿನ ಬಾಗಿಲು ಕಳಚಿಸಿ. ಅಪರೂಪದ ಹಳೆಯ ಪುಸ್ತಕಗಳನ್ನು ಬೀಗದೊಳಗೇ ಬಿಟ್ಟು, ಕಳೆದುಹೋದರೆ ಮತ್ತೆ ಕೊಳ್ಳಬಹುದಾದ ಇನ್ನೂರು ಪುಸ್ತಕ ಇದರಲ್ಲಿಡಿ. ಬೆನ್ನು ಕಾಣುವಂತೆ ಒತ್ತಿ ತುರುಕುವ ಬದಲು ಒಂದು ಸಾಲಿನಲ್ಲಾದರೂ ಮುಖಪುಟ ಕಾಣಲಿ. ಅಕ್ಷರ ಬಾರದ ಮಕ್ಕಳು ಚಿತ್ರ ನೋಡಿ ಕೈ ಚಾಚುತ್ತಾರೆ.

ಸಮಿತಿಯ ಮುಂದೆ ಮೂರೇ ಬೇಡಿಕೆ ಇಡಿ: ಆ ಕೋಣೆಯ ಒಂದು ನಕಲಿ ಕೀಲಿ, ತಿಂಗಳಿಗೆ ಎರಡು ಮಧ್ಯಾಹ್ನ, ಎರಡು ಸಹಿಯಿಲ್ಲದೆ ಖರ್ಚು ಮಾಡಬಹುದಾದ ಒಂದು ಸಣ್ಣ ಮೊತ್ತ. ಆರು ತಿಂಗಳ ಪ್ರಯೋಗ ಎನ್ನಿ. 'ಪ್ರಯೋಗ' ಎಂದರೆ ಯಾರಿಗೂ ಭಯವಾಗುವುದಿಲ್ಲ. 'ಯುವ ವಿಭಾಗ' ಎಂಬ ಹೆಸರನ್ನು ಮಾತ್ರ ದಯವಿಟ್ಟು ಇಡಬೇಡಿ. ವಾರ್ಷಿಕೋತ್ಸವಕ್ಕೆ ಕುರ್ಚಿ ಹೊರಲು, ವೇದಿಕೆಗೆ ಹೂಗುಚ್ಛ ಸಾಗಿಸಲು ಕರೆಯುವ ಗುಂಪಿಗೆ ನಮ್ಮ ಸಂಘಗಳಲ್ಲಿ ಆ ಹೆಸರು ಆಗಲೇ ಮೀಸಲಾಗಿದೆ. ಜೊತೆಗೆ ಇನ್ನೊಂದು ಒಪ್ಪಂದ: ಈ ಮಧ್ಯಾಹ್ನಗಳಲ್ಲಿ ದೀಪ ಬೆಳಗುವುದಿಲ್ಲ, ಶಾಲು ಹೊದೆಸುವುದಿಲ್ಲ, ಮುಖ್ಯ ಅತಿಥಿ ಇರುವುದಿಲ್ಲ. ನಮ್ಮಲ್ಲಿ ಇದಕ್ಕೇ ಅತಿ ದೊಡ್ಡ ವಿರೋಧ ಬಂತು.

ಮೂರನೇ ಹೆಜ್ಜೆ: ದಿನ, ಹೊತ್ತು, ರೈಲು

ಮುಂಬಯಿಯಲ್ಲಿ ಅರ್ಧ ಕಾರ್ಯಕ್ರಮಗಳು ಕೆಡುವುದು ಕ್ಯಾಲೆಂಡರಿನಿಂದ. ಭಾನುವಾರ ಹಗಲೆಂದರೆ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಗೆಂದು ಕೆಲವು ಸ್ಟೇಷನ್ನುಗಳ ನಡುವೆ ಲೋಕಲ್ ರೈಲು ನಿಲ್ಲಿಸುವುದು. ಸೆಂಟ್ರಲ್ ಅಥವಾ ಹಾರ್ಬರ್ ಲೈನಿನ ಹುಡುಗರು ಬರಬೇಕಾದರೆ ಆ ವಾರದ ಬ್ಲಾಕ್ ಯಾವ ಸ್ಟೇಷನ್ನುಗಳ ನಡುವೆ, ಎಷ್ಟು ಹೊತ್ತು ಎಂದು ಮೊದಲು ನೋಡಿ. ನಮಗೆ ಶನಿವಾರ ಮಧ್ಯಾಹ್ನವೇ ಒಗ್ಗಿತು.

ವರ್ಷದ ಲೆಕ್ಕ ಹೀಗೆ. ಫೆಬ್ರವರಿ, ಮಾರ್ಚ್ ತಿಂಗಳು ಹನ್ನೆರಡನೇ ಮತ್ತು ಹತ್ತನೇ ತರಗತಿಯ ಪರೀಕ್ಷೆ. ಆಗ ಓದುವ ಕೋಣೆಯನ್ನು ರಾತ್ರಿಯವರೆಗೆ ತೆರೆದಿಟ್ಟು ಫ್ಯಾನು, ನೀರು, ಮೌನ ಇಷ್ಟು ಕೊಟ್ಟರೆ ಸಾಕು. ಒಂದು ಕೋಣೆಯ ಮನೆಯಲ್ಲಿ ಐದು ಜನ ಇರುವ ಊರಿನಲ್ಲಿ ಇದಕ್ಕಿಂತ ದೊಡ್ಡ ಸೇವೆ ಗ್ರಂಥಾಲಯದಿಂದ ಆಗಲಾರದು. ಪರೀಕ್ಷೆಗೆಂದು ಬಂದು ಕುಳಿತವರೇ ನಮ್ಮ ಮೊದಲ ಕಾರ್ಯಕರ್ತರಾದದ್ದು. ಮೇ ತಿಂಗಳಲ್ಲಿ ಬೇಸಿಗೆ ಶಿಬಿರ ಇಡಬೇಡಿ. ರಜೆ ಸಿಕ್ಕ ಕೂಡಲೇ ಮಕ್ಕಳು ಮತ್ಸ್ಯಗಂಧಾ ರೈಲು ಹತ್ತಿ ಊರಿಗೆ ಹೋಗಿಬಿಡುತ್ತಾರೆ. ನಾವು ಒಂದು ವರ್ಷ ಇಟ್ಟು, ಬಣ್ಣದ ಪೆನ್ಸಿಲು ಡಬ್ಬಿ ಸಮೇತ ಖಾಲಿ ಕೋಣೆಯಲ್ಲಿ ಕುಳಿತಿದ್ದೆವು. ಜುಲೈ ಮಳೆಯನ್ನೂ ಗಣಪತಿಯ ಹತ್ತು ದಿನಗಳನ್ನೂ ಬಿಟ್ಟುಕೊಡಿ.

ಅಕ್ಟೋಬರ್ ನಡುವಿನಿಂದ ನವೆಂಬರ್ ಮೂರನೇ ವಾರ ನಮಗೆ ಸುಗ್ಗಿ. ಅಕ್ಟೋಬರ್ 15 ಮಹಾರಾಷ್ಟ್ರದಲ್ಲಿ ವಾಚನ ಪ್ರೇರಣಾ ದಿನ, ಅಬ್ದುಲ್ ಕಲಾಂ ಜನ್ಮದಿನ. ನವೆಂಬರ್ 1 ರಾಜ್ಯೋತ್ಸವ. ನವೆಂಬರ್ 14ರಿಂದ 20 ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ನಡುವೆ ದೀಪಾವಳಿ ರಜೆ. ವಾಚನ ಪ್ರೇರಣಾ ದಿನಕ್ಕೆ ನಿಮ್ಮ ಬೀದಿಯ ಮರಾಠಿ ವಾಚನಾಲಯದವರ ಬಾಗಿಲು ತಟ್ಟಿ, ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ಓದೋಣ ಎನ್ನಿ. ಈ ನಗರದಲ್ಲಿ ಮುಂಬಯಿ ಮರಾಠಿ ಗ್ರಂಥ ಸಂಗ್ರಹಾಲಯ 1898ರಿಂದ ಇದೆ. ಗ್ರಂಥಾಲಯ ನಡೆಸುವ ವಿಷಯದಲ್ಲಿ ಮರಾಠಿಗರಿಂದ ನಾವು ಕಲಿಯುವುದು ಬಹಳ ಇದೆ, ಅವರ ಹುಡುಗರೂ ನಮ್ಮ ಹುಡುಗರೂ ಓದುವುದು ಒಂದೇ ಶಾಲೆಯಲ್ಲಿ.

ನಾಲ್ಕನೇ ಹೆಜ್ಜೆ: ಏನು ಮಾಡಿಸುವುದು

ಇಲ್ಲಿ ನಾನು ಮೊದಲು ಎಡವಿದ್ದನ್ನು ಹೇಳಿಬಿಡುತ್ತೇನೆ. ರಸಪ್ರಶ್ನೆ ಸ್ಪರ್ಧೆ ಇಟ್ಟೆವು, ಮೂರು ಟ್ರೋಫಿ ತಂದೆವು. ತಾಯಂದಿರು ಉರು ಹೊಡೆಸಿ ಕರೆತಂದ ಮಕ್ಕಳು ಬಂದರು, ಗೆದ್ದವರು ಫೋಟೋ ತೆಗೆಸಿಕೊಂಡರು, ಸೋತವರು ಮುಖ ಸಣ್ಣದು ಮಾಡಿಕೊಂಡರು. ಮುಂದಿನ ಶನಿವಾರ ಯಾರೂ ಇಲ್ಲ. ಸ್ಪರ್ಧೆ ಮುಗಿದ ಮೇಲೆ ಮಕ್ಕಳಿಗೆ ಅಲ್ಲಿಗೆ ಮತ್ತೆ ಬರಲು ಕಾರಣವೇ ಇರುವುದಿಲ್ಲ. ನಡೆದದ್ದು ಈ ನಾಲ್ಕು.

ಸ್ಟೇಷನ್ ಆಟ. ಮುಂಬಯಿಯ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಲು ಅ ಆ ಇ ಈ ಪಟ್ಟಿ ಹಿಡಿದು ಕೂರಬೇಕಿಲ್ಲ. ಅವರಿಗೆ ದೇವನಾಗರಿ ಬರುತ್ತದೆ, ವರ್ಣಮಾಲೆಯ ಕ್ರಮ ಒಂದೇ. ಹಿಂದಿಯಲ್ಲಿ ಬಳಕೆಯಿಲ್ಲದ ಳ ಕೂಡ ಮರಾಠಿಯಿಂದ ಗೊತ್ತಿರುತ್ತದೆ. ಹೊಸದಾಗಿ ಹೇಳಬೇಕಾದದ್ದು ಎ-ಏ, ಒ-ಓ ವ್ಯತ್ಯಾಸ ಮತ್ತು ಒತ್ತಕ್ಷರ. ರಟ್ಟಿನ ಚೀಟಿಯಲ್ಲಿ ಸ್ಟೇಷನ್ ಹೆಸರುಗಳನ್ನು ಕನ್ನಡದಲ್ಲಿ ಬರೆಯಿರಿ, ಲೈನಿನ ಕ್ರಮದಲ್ಲಿ ಜೋಡಿಸಲು ಹೇಳಿ. ಒತ್ತಿಲ್ಲದ ದಾದರ, ವಡಾಲಾ, ಠಾಣೆ ಮೊದಲು. ಸೊನ್ನೆಗೆ ಅಂಧೇರಿ, ಮುಲುಂಡ, ಮಾಟುಂಗಾ. ಆಮೇಲೆ ಕುರ್ಲಾ. ಇಲ್ಲೊಂದು ಗಲಾಟೆ ಏಳುತ್ತದೆ: ಮರಾಠಿಯ ರಫಾರ ಮುಂದಿನ ಅಕ್ಷರದ ತಲೆಯ ಮೇಲೆ ಹತ್ತಿ ಕೂರುತ್ತದೆ, ನಮ್ಮ ಅರ್ಕಾವತ್ತು ಆ ಅಕ್ಷರದ ಹಿಂದೆ ಬಂದು ನಿಲ್ಲುತ್ತದೆ. ಇದನ್ನು ಮಕ್ಕಳೇ ಕಂಡುಹಿಡಿಯಲಿ, ನೀವು ಬಾಯಿ ಬಿಡಬೇಡಿ. ದೊಡ್ಡ ಮಕ್ಕಳು ಚಿಕ್ಕವರಿಗೆ ಚೀಟಿ ಬರೆದುಕೊಡುವ ಕೆಲಸ ಹಚ್ಚಿಕೊಂಡರೆ ಅವರ ಕೈ ಅಕ್ಷರವೂ ಕುದುರುತ್ತದೆ.

ಅಜ್ಜಿಯ ಪುಸ್ತಕ. ನನಗೆ ಅತಿ ಪ್ರಿಯವಾದದ್ದು ಇದು, ಕೆಲಸವೂ ಇದರಲ್ಲೇ ಹೆಚ್ಚು. ಹದಿನಾಲ್ಕು ದಾಟಿದ ಹುಡುಗ ಹುಡುಗಿಯರು ತಮ್ಮ ಮನೆಯ ಅಥವಾ ಪಕ್ಕದ ಮನೆಯ ಹಿರಿಯರೊಬ್ಬರು ಮುಂಬಯಿಗೆ ಬಂದ ಕಥೆಯನ್ನು ದಾಖಲಿಸುತ್ತಾರೆ. ಕೊಂಕಣ ರೈಲ್ವೆ ಪೂರ್ತಿ ತೆರೆದದ್ದು 1998ರ ಜನವರಿ 26ಕ್ಕೆ. ಅದಕ್ಕೆ ಮೊದಲು ಬಂದವರ ಪ್ರಯಾಣವೇ ಒಂದೊಂದು ಪುರಾಣ. ಹಡಗು, ಘಟ್ಟದ ಬಸ್ಸು, ಸುತ್ತುಬಳಸಿನ ರೈಲು.

ನಡೆಸುವ ಕ್ರಮ ಹೀಗಿರಲಿ. ಹನ್ನೆರಡು ಪ್ರಶ್ನೆಗಳಿಗಿಂತ ಹೆಚ್ಚು ಬೇಡ, ಪ್ರಶ್ನೆಗಳನ್ನು ಹುಡುಗರೇ ಬರೆಯಲಿ. 'ನಿಮ್ಮ ಜೀವನದ ಬಗ್ಗೆ ಹೇಳಿ' ಎಂದರೆ ಅಜ್ಜಿ 'ಎಂತದುಂಟು ಹೇಳ್ಲಿಕ್ಕೆ' ಎಂದು ಮುಗಿಸುತ್ತಾರೆ. 'ಮೊದಲ ರಾತ್ರಿ ಎಲ್ಲಿ ಮಲಗಿದಿರಿ, ತಲೆಗೆ ದಿಂಬು ಏನಿತ್ತು' ಎಂದು ಕೇಳಿದರೆ ಒಂದು ಗಂಟೆ ಮಾತಾಡುತ್ತಾರೆ. ಮೊಬೈಲಿನಲ್ಲೇ ರೆಕಾರ್ಡ್ ಮಾಡಿ, ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಯಾವ ಭಾಗ ಹೊರಗೆ ಹಾಕಬಹುದು, ಯಾವುದು ಮನೆಯೊಳಗೇ ಇರಬೇಕು ಎಂದು ಅಜ್ಜಿಯಿಂದಲೇ ಕೇಳಿ ಒಂದು ಕಾಗದದಲ್ಲಿ ಬರೆಸಿಕೊಳ್ಳಿ. ರೆಕಾರ್ಡಿಗೆ ತಾರೀಖು, ಊರು, ಭಾಷೆ ಸೇರಿಸಿ ಹೆಸರಿಟ್ಟು, ಎರಡು ಬೇರೆ ಕಡೆ ಪ್ರತಿ ಇಡಿ. ಒಂದು ಫೋನು ಲೋಕಲ್ಲಿನಲ್ಲಿ ಕಳೆದುಹೋದಾಗ ನಾವು ಮೂವರು ಹಿರಿಯರ ಮಾತು ಕಳೆದುಕೊಂಡೆವು. ಅವರಲ್ಲಿ ಒಬ್ಬರು ಈಗಿಲ್ಲ.

ಮುಂದಿನದೇ ಮುಖ್ಯ. ಕನ್ನಡದ ಮಾತಾದರೆ ಫೋನಿನ ಧ್ವನಿ ಟೈಪಿಂಗಿಗೆ ಕೊಟ್ಟು ಬರಹಕ್ಕಿಳಿಸಿ. ಅದು ತಪ್ಪು ಮಾಡಿಯೇ ಮಾಡುತ್ತದೆ, ಕುಂದಾಪುರದ ಮಾತನ್ನಂತೂ ಗುರುತು ಸಿಗದ ಹಾಗೆ ಮಾಡುತ್ತದೆ. ಆ ತಪ್ಪು ತಿದ್ದಬೇಕಾದರೆ ಹುಡುಗ ಓದಲೇಬೇಕು. ಅಕ್ಷರ ಬಾರದ ಹುಡುಗಿಯೊಬ್ಬಳು ತನ್ನ ಅಜ್ಜಿಯ ಮಾತನ್ನು ಫೋನು ಹಾಳುಮಾಡಿತೆಂಬ ಸಿಟ್ಟಿಗೇ ಕನ್ನಡ ಓದಲು ಕಲಿತಳು. ತುಳುವನ್ನು ನಾವು ಕನ್ನಡ ಲಿಪಿಯಲ್ಲಿ ಕೈಯಿಂದಲೇ ಬರೆದೆವು. ಅದಕ್ಕೆ ದೊಡ್ಡವರ ನೆರವು ಬೇಕು, ಹಾಗಾಗಿ ಮನೆಯಲ್ಲಿ ಅಪ್ಪ ಮಗ ಒಂದು ಮೇಜಿಗೆ ಬರುತ್ತಾರೆ. ಕೊನೆಗೆ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡು ಮಾಡಿಸಿ. ಅದಕ್ಕೆ ಗ್ರಂಥಾಲಯದ ದಾಖಲೆಯ ಪ್ರವೇಶ ಸಂಖ್ಯೆ ಕೊಟ್ಟು, ಮುದ್ರೆ ಒತ್ತಿ, ದೊಡ್ಡ ಸಾಹಿತಿಗಳ ಪುಸ್ತಕಗಳ ನಡುವೆಯೇ ನಿಲ್ಲಿಸಿ. ಪ್ರತ್ಯೇಕ 'ಸ್ಥಳೀಯ' ಮೂಲೆ ಬೇಡ.

ಹೋಟೆಲ್ ಡಬ್ಬಿ. ತಮಿಳುನಾಡಿನ ಮನ್ನಾರ್ಗುಡಿಯಲ್ಲಿ 1931ರಲ್ಲಿ ಎತ್ತಿನ ಗಾಡಿಯ ಮೇಲೆ ಗ್ರಂಥಾಲಯ ಹೊರಟಿತ್ತು. ಹೋಟೆಲಿನ ಹುಡುಗರಿಗೆ ಪುಸ್ತಕ ಒಯ್ಯುವ ನಮ್ಮ ಡಬ್ಬಿ ತೂತಿರುವ ಪ್ಲಾಸ್ಟಿಕ್ ಕ್ರೇಟು, ತರಕಾರಿ ತುಂಬುತ್ತಾರಲ್ಲ, ಅದೇ. ಇಪ್ಪತ್ತೈದು ಪುಸ್ತಕ ಹಿಡಿಯುತ್ತದೆ, ಒಬ್ಬ ಹೊರಬಹುದು. ಮಾಲೀಕರೊಡನೆ ಮಾತು ಊಟದ ಹೊತ್ತಿಗೆ ಬೇಡ; ಮಧ್ಯಾಹ್ನದ ಗಲಾಟೆ ಇಳಿದು ಸಂಜೆಯ ತಿಂಡಿ ಶುರುವಾಗುವ ಮೊದಲು ಗಲ್ಲಾದ ಹತ್ತಿರ ಹೋಗಿ. ಅವರಿಂದ ದುಡ್ಡು ಕೇಳಬೇಡಿ. ಹುಡುಗರು ಮಲಗುವ ಕೋಣೆಯಲ್ಲಿ ಒಂದು ಮೂಲೆ, ರಾತ್ರಿ ಅರ್ಧ ಗಂಟೆ ಹೆಚ್ಚು ದೀಪ, ಇಷ್ಟು ಕೇಳಿ. ಎಷ್ಟೋ ಮಾಲೀಕರು ತಾವೂ ರಾತ್ರಿಶಾಲೆ ಕಂಡವರು, ಇಲ್ಲವೆನ್ನಲಾರರು.

ಡಬ್ಬಿಯಲ್ಲಿ ಏನಿರಬೇಕು ಎಂಬುದರಲ್ಲಿ ನಮ್ಮ ಪಾಂಡಿತ್ಯ ಅಡ್ಡ ಬರಬಾರದು. ತೆಳ್ಳನೆಯ ಪುಸ್ತಕಗಳು, ಪತ್ತೇದಾರಿ, ಸಣ್ಣಕಥೆ, ಹಾಸ್ಯ, ವಾರಪತ್ರಿಕೆಗಳ ಹಳೆಯ ಸಂಚಿಕೆ, ಮೊಬೈಲು ರಿಪೇರಿ, ಬ್ಯಾಂಕು ಖಾತೆ ಮತ್ತು ಕೆಲಸಗಾರರ ಹಕ್ಕಿನ ಸರಳ ಕೈಪಿಡಿ, ಸ್ಪರ್ಧಾ ಪರೀಕ್ಷೆಯ ಒಂದೆರಡು. ಮಹಾಕಾವ್ಯದ ದಪ್ಪ ಸಂಪುಟ ಕೆಳಗೆ ಬಿದ್ದು ಕ್ರೇಟಿನ ತೂಕವಾಗುತ್ತದೆ ಅಷ್ಟೆ. ಹೋಟೆಲಿನ ಹುಡುಗರಲ್ಲೇ ಒಬ್ಬನಿಗೆ ರಿಜಿಸ್ಟರು ಕೊಡಿ; ಅವನೇ ಗ್ರಂಥಪಾಲಕ, ಅವನೇ ಮುಂದಿನ ಡಬ್ಬಿಗೆ ಪಟ್ಟಿ ಬರೆಯುವವನು. ಡಬ್ಬಿಯ ಪುಸ್ತಕಗಳನ್ನು ತಿಂಗಳಿಗೊಮ್ಮೆ ಬದಲಿಸಿ. ದಂಡ ಹಾಕಬೇಡಿ. ಎಣ್ಣೆ ಕಲೆ ಬಿದ್ದ ಪುಟ ನೋಡಿ ಬೈಯಬೇಡಿ.

ಲೇಬರ್ ಕ್ಯಾಂಪಿನ ಓದು. ಕಟ್ಟಡ ಕೆಲಸದವರ ಮಕ್ಕಳ ಬಳಿಗೆ ನಾವೇ ಹೋಗಬೇಕು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಮಕ್ಕಳ ಕಥೆಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಬರೆದವರ ಹೆಸರು ಉಳಿಸಿಕೊಂಡು ಮುದ್ರಿಸಿ ಹಂಚಬಹುದು. ಒಂದೇ ಕಥೆಯ ಕನ್ನಡ ಮತ್ತು ಮರಾಠಿ ಎರಡೂ ಮುದ್ರಿಸಿ ಒಯ್ಯಿರಿ. ಮರಾಠಿ ಶಾಲೆಗೆ ಹೋಗುವ ಮಗು ಮರಾಠಿ ಓದುತ್ತದೆ, ತಾಯಿ ಕನ್ನಡ ಕೇಳಿ ನಗುತ್ತಾಳೆ. ಲಂಬಾಣಿ ಮಾತಿನ ಮನೆಗಳೂ ಇರುತ್ತವೆ; ಅಲ್ಲಿ ಕಥೆ ಹೇಳುವ ಕೆಲಸ ಅವರಿಗೇ ಬಿಡಿ, ನೀವು ಕೇಳಿ. ಗುತ್ತಿಗೆದಾರನ ಮತ್ತು ಪಾಲಕರ ಒಪ್ಪಿಗೆ ಮೊದಲೇ ಪಡೆಯಿರಿ. ಮಕ್ಕಳೊಡನೆ ಯಾವಾಗಲೂ ಇಬ್ಬರು ದೊಡ್ಡವರು ಇರಲಿ, ತೆರೆದ ಜಾಗದಲ್ಲೇ ಕೂರಿ. ಮಕ್ಕಳ ಮುಖ ಕಾಣುವ ಫೋಟೋ ಸಂಘದ ಸ್ಮರಣ ಸಂಚಿಕೆಗೆ ಬೇಕಾಗಿಲ್ಲ.

'ಮನುಷ್ಯರೇ ಪುಸ್ತಕ' ಎಂಬ ಪ್ರಯೋಗವನ್ನೂ ಕೇಳಿರುತ್ತೀರಿ, 2000ದಲ್ಲಿ ಕೋಪನ್‌ಹೇಗನ್‌ನಲ್ಲಿ ಶುರುವಾದದ್ದು. ಪುಸ್ತಕದ ಬದಲು ಒಬ್ಬ ವ್ಯಕ್ತಿಯನ್ನು ಇಪ್ಪತ್ತು, ಮೂವತ್ತು ನಿಮಿಷ ಎರವಲು ಪಡೆಯುವುದು. ಯಕ್ಷಗಾನದ ನಿವೃತ್ತ ಚೆಂಡೆಯವರು, ಆಸ್ಪತ್ರೆಯ ನರ್ಸು, ಮೂವತ್ತು ವರ್ಷ ದೋಸೆ ಹುಯ್ದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ವರ್ಷಕ್ಕೊಮ್ಮೆ ಸಾಕು.

ಐದನೇ ಹೆಜ್ಜೆ: ದುಡ್ಡು

ಮಹಾರಾಷ್ಟ್ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1967ರದು. ಅದರಡಿ ಮಾನ್ಯತೆ ಪಡೆದ ವಾಚನಾಲಯಗಳಿಗೆ ಅ, ಬ, ಕ, ಡ ಎಂಬ ನಾಲ್ಕು ದರ್ಜೆಯಲ್ಲಿ ಅನುದಾನವಿದೆ. ಪುಸ್ತಕದ ರೂಪದಲ್ಲಿ ನೆರವಾಗುವ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ 1972ರಿಂದ ಕೋಲ್ಕತ್ತದಲ್ಲಿದೆ. ನಿಮ್ಮ ಸಂಘದ ಗ್ರಂಥಾಲಯ ಈ ದಾರಿಯಲ್ಲಿ ಹೋಗಬಹುದಾದರೆ ಅರ್ಜಿ ಹಾಕಿ, ಆದರೆ ಅದನ್ನೇ ನಂಬಿ ಶನಿವಾರದ ಚಹಾ ಕಾಯಿಸಬೇಡಿ. ಮೇಲೆ ಹೇಳಿದ್ದಕ್ಕೆಲ್ಲ ಬೇಕಾಗುವುದು ಜೆರಾಕ್ಸು, ಬೈಂಡಿಂಗು, ಕ್ರೇಟು, ರಟ್ಟು, ರಿಕ್ಷಾ ಬಾಡಿಗೆ. ಇಡ್ಲಿ, ಚಹಾ ಹೋಟೆಲಿನವರಿಂದ ಬರುತ್ತದೆ, ಕೇಳುವುದೇ ತಡ.

ಹೊಸ ಪುಸ್ತಕ ಕೊಳ್ಳುವ ಹಣದಲ್ಲಿ ಕಾಲು ಭಾಗವನ್ನು ಹುಡುಗರೇ ಖರ್ಚು ಮಾಡಲಿ. ಅವರು ತರುವ ಚಿತ್ರಕಥೆ, ಕ್ರಿಕೆಟ್ಟು, ದೆವ್ವದ ಕಥೆ ನೋಡಿ ಹಿರಿಯರೊಬ್ಬರು ನಿಟ್ಟುಸಿರು ಬಿಡುತ್ತಾರೆ. ನಾನೂ ಬಿಟ್ಟಿದ್ದೆ. ಆ ದೆವ್ವದ ಪುಸ್ತಕವೇ ಎಲ್ಲಕ್ಕಿಂತ ಮೊದಲು ಬೈಂಡಿಗೆ ಹೋಯಿತು.

ಆರನೇ ಹೆಜ್ಜೆ: ಲೆಕ್ಕ ಇಡುವುದು

ಎಷ್ಟು ಜನ ಬಂದರು ಎಂದು ಸಮಿತಿ ಕೇಳುತ್ತದೆ. ಸಂಖ್ಯೆ ಕೊಡಿ, ಆದರೆ ನಿಮಗಾಗಿ ಬೇರೆ ಲೆಕ್ಕ ಇಟ್ಟುಕೊಳ್ಳಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ: ಹೆಸರು, ಎರಡನೇ ಸಲ ಬಂದ ದಿನ, ಬೇರೆಯವರನ್ನು ಕರೆತಂದ ದಿನ, ಏನನ್ನಾದರೂ ತಾನೇ ವಹಿಸಿಕೊಂಡ ದಿನ. ನಾಲ್ಕನೇ ಕಾಲಂನಲ್ಲಿ ವರ್ಷಕ್ಕೆ ಐದು ಹೆಸರು ಬಿದ್ದರೆ ಕೆಲಸ ನಡೆಯುತ್ತಿದೆ. ಆ ಐವರಲ್ಲಿ ಒಬ್ಬರ ಕೈಗೆ ನಕಲಿ ಕೀಲಿ ಹೋಗಬೇಕು, ಹೇಳಿಕೇಳಿ, ಸಮಿತಿಯ ಮುಂದೆಯೇ. ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ ಅವರೇ ಆಗಲಿ. ನಮ್ಮಂಥವರ ಕೈಯಲ್ಲಿದ್ದರೆ ಶುಭೋದಯದ ಹೂವುಗಳು ತುಂಬಿಕೊಂಡು ಹುಡುಗರು ಒಬ್ಬೊಬ್ಬರೇ ಹೊರಬೀಳುತ್ತಾರೆ.

ಜೂನ್ ಮೊದಲ ವಾರಕ್ಕೆ ಮುನ್ನ ಡಬ್ಬಿಗಳನ್ನೆಲ್ಲ ವಾಪಸ್ ತರಿಸಿ. ಮಳೆ ಶುರುವಾದ ಮೇಲೆ ಹೋಟೆಲಿನ ಮಾಳಿಗೆಯಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಪುಸ್ತಕಗಳನ್ನು ಬಿಡಿಸಿ, ಫ್ಯಾನಿನ ಕೆಳಗೆ ಒಂದು ದಿನ ಗಾಳಿಗಿಟ್ಟು, ರಿಜಿಸ್ಟರಿನೊಡನೆ ತಾಳೆ ನೋಡಿ. ನಮ್ಮ ಮೊದಲ ಡಬ್ಬಿ ಇಪ್ಪತ್ತೈದು ಹೊತ್ತು ಹೋಗಿ ಇಪ್ಪತ್ತೆರಡು ಹೊತ್ತು ಬಂತು; ಜೊತೆಗೆ ನಮ್ಮದಲ್ಲದ, ಮುದ್ರೆಯಿಲ್ಲದ, ಊರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕೊಂಡ ಒಂದು ಪತ್ತೇದಾರಿ. ಅಂಥದು ಬಂದರೆ ಯಾರದೆಂದು ವಿಚಾರಣೆಗೆ ಇಳಿಯಬೇಡಿ. ಪ್ರವೇಶ ಸಂಖ್ಯೆ ಹಾಕಿ, ಮಳೆ ಮುಗಿದ ಮೇಲೆ ಅದೇ ಡಬ್ಬಿಯಲ್ಲಿ ಮತ್ತೆ ಕಳಿಸಿ.